ಬಯಲುಸೀಮೆಯ ಜಗಲಿಯಲ್ಲಿ ಬೆಗೋನಿಯ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೈತ ಬಾಂಧವರಿಗೆ ಬೆಗೋನಿಯ ತೀರ ಅಪರಿಚಿತವಾದ ಗಿಡವೇನಲ್ಲ. ಜನವರಿಯಲ್ಲೋ ಆಗಸ್ಟ್‌ನಲ್ಲೋ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಲು ಹೋದವರು ಹಿಂದಿರುಗುವಾಗ ಒಂದು ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತುವುದುಂಟು. ತಂದ ಹೊಸದರಲ್ಲಿ ಗಿಡ ತುಂಬ ಹೂವಿರುತ್ತದೆ. ಶಿವರಾತ್ರಿ ಕಳೆದಂತೆ ಎಲೆಯ ಅಂಚು ಕಂದುಗಟ್ಟಿ ಸುರುಟಿಕೊಳ್ಳುತ್ತದೆ. ಯುಗಾದಿಯ ಹೊತ್ತಿಗೆ ಕುಂಡದಲ್ಲಿ ಕೊಳೆತ ಒಂದು ಕಾಂಡ ಮಾತ್ರ ಉಳಿಯುತ್ತದೆ. "ಇದು ಬೆಂಗಳೂರಿನವರ ಗಿಡ, ನಮ್ಮ ಕಡೆ ಬರುವುದಿಲ್ಲ ಬಿಡಿ" ಎಂದು ಮನೆಯವರು ಕುಂಡವನ್ನು ಹಿತ್ತಲಿಗೆ ಎಸೆಯುತ್ತಾರೆ.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಬೆಗೋನಿಯದ ಕೆಲವು ಜಾತಿಗಳು ನಮ್ಮ ಸೀಮೆಗೆ ಖಂಡಿತ ಒಗ್ಗುವುದಿಲ್ಲ, ಅವುಗಳಿಗೆ ಹಣ ಹಾಕುವುದು ವ್ಯರ್ಥ. ಆದರೆ ಎರಡು ಜಾತಿಗಳು ಚೆನ್ನಾಗಿಯೇ ಬರುತ್ತವೆ. ಅವು ಸತ್ತರೆ ಬಿಸಿಲೊಂದೇ ಕಾರಣವಲ್ಲ. ಒಣ ಗಾಳಿ, ಕೊಳವೆಬಾವಿಯ ಉಪ್ಪು ನೀರು ಮತ್ತು ಬಾಡಿದ ಗಿಡ ಕಂಡೊಡನೆ ಚೊಂಬು ಎತ್ತುವ ನಮ್ಮ ಅವಸರ, ಈ ಮೂರೂ ಸೇರಿ ಕೊಲ್ಲುತ್ತವೆ. ವರ್ಷಕ್ಕೆ ಸುಮಾರು 500ರಿಂದ 700 ಮಿ.ಮೀ. ಮಳೆ ಬೀಳುವ, ಬೇಸಿಗೆಯಲ್ಲಿ ಕೊಡ ನೀರಿಗೂ ಲೆಕ್ಕವಿಡುವ ಈ ತಾಲ್ಲೂಕುಗಳಲ್ಲಿ ಅಲಂಕಾರದ ಗಿಡಕ್ಕೆ ನೀರು ಹಾಕುವುದು ಸರಿಯೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಕುಡಿಯುವ ನೀರಿನ ಒಂದು ಲೋಟವನ್ನೂ ತೆಗೆಯದೆ ಆರು ಕುಂಡಗಳನ್ನು ಸಾಕುವ ಲೆಕ್ಕವನ್ನು ಮುಂದೆ ಕೊಟ್ಟಿದೆ.

ಗಿಡದ ಸ್ವಭಾವ

ಬೆಗೋನಿಯ ಎಂಬುದು ಒಂದೇ ಗಿಡದ ಹೆಸರಲ್ಲ. ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳುಳ್ಳ ದೊಡ್ಡ ಕುಲ ಇದು. ಅಮೆರಿಕ, ಆಫ್ರಿಕ ಮತ್ತು ಏಷ್ಯದ ಬಿಸಿ ಪ್ರದೇಶಗಳ ಕಾಡುಗಳು ಇದರ ತವರು. 17ನೆಯ ಶತಮಾನದ ಕೊನೆಯಲ್ಲಿ ಷಾರ್ಲ್ ಪ್ಲೂಮಿಯೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಇದನ್ನು ಕಂಡು, ಮಿಷೆಲ್ ಬೆಗಾನ್ ಎಂಬ ಅಧಿಕಾರಿಯ ಹೆಸರನ್ನು ಇದಕ್ಕಿಟ್ಟನು. ಹೆಸರು ಪರದೇಶದ್ದಾದರೂ ಗಿಡ ಪೂರ್ತಿ ಪರದೇಶದ್ದಲ್ಲ. ನಮ್ಮ ಪಶ್ಚಿಮ ಘಟ್ಟಗಳ ತೊರೆಯ ಬದಿಗಳಲ್ಲಿ, ನೀರು ಜಿನುಗುವ ಬಂಡೆಗಳಲ್ಲಿ ಬೆಗೋನಿಯ ಮಲಬಾರಿಕ ಮುಂತಾದ ಕಾಡು ಜಾತಿಗಳು ತಾವಾಗಿಯೇ ಬೆಳೆಯುತ್ತವೆ.

ಎಲೆ ನೋಡಿದರೆ ಗುರುತು ಸಿಗುತ್ತದೆ. ನಡುನರದ ಒಂದು ಪಕ್ಕ ದೊಡ್ಡದು, ಇನ್ನೊಂದು ಪಕ್ಕ ಚಿಕ್ಕದು. ಓರೆಯಾಗಿ ಕತ್ತರಿಸಿದಂತೆ ಕಾಣುತ್ತದೆ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆಯಾಗಿ ಒಂದೇ ಗಿಡದಲ್ಲಿರುತ್ತವೆ. ಹೆಣ್ಣು ಹೂವಿನ ಹಿಂದೆ ಸಾಮಾನ್ಯವಾಗಿ ಮೂರು ರೆಕ್ಕೆಯ ಪುಟ್ಟ ಕಾಯಿ ಇರುತ್ತದೆ.

ದೊಡ್ಡ ಮರಗಳ ಕೆಳಗೆ, ಎಲೆಗೊಬ್ಬರದ ಸಡಿಲ ಪದರದಲ್ಲಿ ಬೆಳೆದು ಬಂದ ಸಸ್ಯವಾದ್ದರಿಂದ ಇದರ ಬೇರು ಕೂದಲಿನಂತೆ ಸಣ್ಣದು, ಆಳಕ್ಕೆ ಇಳಿಯದು. ಕಾಂಡ ನೀರು ತುಂಬಿಕೊಂಡು ಮೆದುವಾಗಿರುತ್ತದೆ. 18ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಇದಕ್ಕೆ ಹಿತ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಹತ್ತಿದವರು ಸುಡುವ ಬಂಡೆಯಿಂದ ಗುಹೆಯ ನೆರಳಿಗೆ ಹೊಕ್ಕಾಗ ಮೈಗೆ ತಟ್ಟುವ ತಂಪನ್ನು ಬಲ್ಲರು. ಬೆಟ್ಟ ಒಂದೇ, ಬಿಸಿಲೂ ಒಂದೇ, ಆದರೆ ಹತ್ತು ಹೆಜ್ಜೆಯ ಅಂತರದಲ್ಲಿ ಹವೆ ಬೇರೆ. ಮನೆಯಲ್ಲಿಯೂ ಅಂಥ ಒಂದು ಮೂಲೆ ಇದ್ದೇ ಇರುತ್ತದೆ. ಅದನ್ನು ಹುಡುಕುವುದೇ ಮೊದಲ ಕೆಲಸ.

ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು

ಮೇಣದಂತೆ ಹೊಳೆಯುವ ದಪ್ಪ ದುಂಡು ಎಲೆಯ, ಕೆಂಪು, ಗುಲಾಬಿ ಅಥವಾ ಬಿಳಿಯ ಸಣ್ಣ ಹೂಗಳ ಮೋಟು ಗಿಡವನ್ನು ನರ್ಸರಿಗಳಲ್ಲಿ ಮೇಣದ ಬೆಗೋನಿಯ ಅಥವಾ ಸೆಂಪರ್‌ಫ್ಲೋರೆನ್ಸ್ ಎನ್ನುತ್ತಾರೆ. ಇದರ ಮೂಲ ದಕ್ಷಿಣ ಅಮೆರಿಕ. ಎಲ್ಲಕ್ಕಿಂತ ಗಟ್ಟಿ ಜಾತಿ ಇದೇ. ಎಲೆ ಕಂಚಿನ ಬಣ್ಣದ್ದಾದರೆ ಬೆಳಗಿನ ಬಿಸಿಲನ್ನು ಇನ್ನಷ್ಟು ತಡೆಯುತ್ತದೆ. ಮೊದಲ ಬಾರಿ ಬೆಳೆಸುವವರು ಇದನ್ನೇ ಆರಿಸಿಕೊಳ್ಳಿರಿ.

ಎರಡನೆಯದು ಬಿದಿರಿನಂತೆ ಗೆಣ್ಣುಗಳುಳ್ಳ, ಮೂರು ನಾಲ್ಕು ಅಡಿ ಎತ್ತರ ಬೆಳೆಯುವ, ಉದ್ದ ಎಲೆಯ ಮೇಲೆ ಬೆಳ್ಳಿಚುಕ್ಕೆಗಳಿರುವ ಜಾತಿ. ಮಲೆನಾಡಿನ ಮನೆಗಳ ಮುಂದೆ ಇದನ್ನು ನೀವು ನೋಡಿರಬಹುದು. ಹೂವು ಗೊಂಚಲು ಗೊಂಚಲಾಗಿ ತೂಗುತ್ತದೆ. ಕಾಂಡ ಸ್ವಲ್ಪ ಗಟ್ಟಿಯಾದ್ದರಿಂದ ಒಂದೆರಡು ದಿನ ನೀರು ತಪ್ಪಿದರೂ ತಾಳುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿದರೂ ಜೂನ್‌ನಲ್ಲಿ ಗೆಣ್ಣಿನಿಂದ ಚಿಗುರುತ್ತದೆ. ನಮ್ಮ ಸೀಮೆಗೆ ಇದೇ ಹೆಚ್ಚು ಲಾಭದ್ದು ಎಂದು ನನ್ನ ಎಣಿಕೆ.

ರೆಕ್ಸ್ ಬೆಗೋನಿಯವನ್ನು ಹೂವಿಗಾಗಿ ಅಲ್ಲ, ಎಲೆಗಾಗಿ ಬೆಳೆಸುತ್ತಾರೆ. ಬೆಳ್ಳಿ, ನೇರಳೆ, ಕಡುಗೆಂಪು ಪಟ್ಟಿಗಳ ಈ ಎಲೆ ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಇದರ ಮೂಲ ಗಿಡ ಅಸ್ಸಾಮಿನ ಕಾಡಿನದು. 1850ರ ದಶಕದಲ್ಲಿ ಯೂರೋಪಿಗೆ ಹೋಗಿ ಅಲ್ಲಿ ನೂರಾರು ಮಿಶ್ರತಳಿಗಳಿಗೆ ತಾಯಿಯಾಯಿತು. ಅಸ್ಸಾಮಿನ ತೇವದ ಗಾಳಿಯೇ ಇದಕ್ಕೆ ಬೇಕು. ಕೊರಟಗೆರೆ ಕಡೆ ಅಡಿಕೆ ತೋಟದೊಳಗೆ ಮನೆಯಿರುವವರು ಪ್ರಯತ್ನಿಸಬಹುದು. ಪಾವಗಡ, ಶಿರಾದವರು ಇದನ್ನು ಕೊಳ್ಳದಿರುವುದು ಮೇಲು.

ಗೆಡ್ಡೆಯ ಬೆಗೋನಿಯದ ಹೂವು ಗುಲಾಬಿಯಷ್ಟು ದೊಡ್ಡದು. ಅದು ಊಟಿ, ಕೊಡೈಕೆನಾಲ್‌ಗಳ ತಂಪಿಗೆ ಹೇಳಿದ್ದು. ಬಯಲುಸೀಮೆಯಲ್ಲಿ ಅದಕ್ಕೆ ಉಳಿವಿಲ್ಲ.

ನೀರಿನ ವಿಚಾರ

ಈ ಲೇಖನದಲ್ಲಿ ಬೇರೇನನ್ನು ಮರೆತರೂ ಈ ಭಾಗವನ್ನು ಮರೆಯಬೇಡಿರಿ.

ನಮ್ಮ ಕೊಳವೆಬಾವಿಗಳ ನೀರು ಆಳಕ್ಕೆ ಹೋದಂತೆ ಗಡಸಾಗುತ್ತ ಬಂದಿದೆ. ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹಕ್ಕಳೆಯೇ ಅದಕ್ಕೆ ಸಾಕ್ಷಿ. ಹೊಲದಲ್ಲಾದರೆ ಒಂದು ಜೋರು ಮಳೆ ಬಂದು ಉಪ್ಪನ್ನು ಕೆಳಕ್ಕೆ ತೊಳೆಯುತ್ತದೆ. ಜಗಲಿಯ ಕುಂಡಕ್ಕೆ ಮಳೆ ತಾಗುವುದಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ದಿನ ಕಳೆದಂತೆ ಕುಂಡದ ಬಾಯಿಗೆ, ಹೊರಮೈಗೆ ಬಿಳಿ ಪುಡಿ ಕೂರುತ್ತದೆ. ಬೆಗೋನಿಯದ ಸಣ್ಣ ಬೇರಿಗೆ ಈ ಉಪ್ಪು ಸುಡುತ್ತದೆ. ಬೇರು ಸುಟ್ಟ ಗಿಡ ಮಣ್ಣು ಒದ್ದೆಯಿದ್ದರೂ ಬಾಡುತ್ತದೆ. ಬಾಡಿತೆಂದು ನೀವು ಮತ್ತೆ ಅದೇ ನೀರು ಹಾಕುತ್ತೀರಿ. ಗಿಡ ಕೊಳೆಯುವುದು ಹೀಗೆ.

ಸುಣ್ಣದಂಶದ ನೀರಿನಿಂದ ಇನ್ನೊಂದು ತೊಂದರೆ ಇದೆ. ಮಣ್ಣಿನ ರಸಸಾರ ಏರಿ ಕಬ್ಬಿಣ ಬೇರಿಗೆ ದಕ್ಕದಂತಾಗುತ್ತದೆ. ಆಗ ಎಳೆಯ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗುತ್ತದೆ. ಸುಣ್ಣದ ನೆಲದಲ್ಲಿ ಕಡಲೆಕಾಯಿ ಹಳದಿಯಾಗುವುದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಲೀಟರ್ ಮಳೆನೀರಿಗೆ ಒಂದು ಗ್ರಾಂ ಅನ್ನಭೇದಿ ಕರಗಿಸಿ ಮಣ್ಣಿಗೆ ಹಾಕಿರಿ. ಎಲೆಯ ಮೇಲೆ ಬಿದ್ದರೆ ಕಲೆಯಾಗುತ್ತದೆ.

ಪಾವಗಡ ತಾಲ್ಲೂಕಿನ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್, ಕುಡಿಯುವ ನೀರಿಗೆ ಹೇಳಿರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವುದು ನಿಮಗೆ ತಿಳಿದದ್ದೇ. ಹಲ್ಲು, ಮೂಳೆಗಳಿಗೆ ಅದು ಮಾಡುವ ಕೇಡನ್ನು ಊರೂರಲ್ಲಿ ಕಂಡಿದ್ದೀರಿ. ಮನೆಯೊಳಗೆ ಬೆಳೆಸುವ ಡ್ರಸೀನ, ಸ್ಪೈಡರ್ ಗಿಡಗಳ ಎಲೆತುದಿ ಒಣಗುವುದಕ್ಕೂ ಫ್ಲೋರೈಡ್ ಕಾರಣವಾಗುತ್ತದೆ. ಅವನ್ನು ಬೆಗೋನಿಯದ ಜೊತೆಗೆ ಇಟ್ಟವರು ಅವಕ್ಕೂ ಮಳೆನೀರನ್ನೇ ಕೊಡಿರಿ, ಸೂಪರ್ ಫಾಸ್ಫೇಟ್ ಹಾಕಬೇಡಿರಿ. ಆ ಗೊಬ್ಬರದಲ್ಲಿಯೂ ಫ್ಲೋರೈಡ್ ಇರುತ್ತದೆ.

ಊರಿನ ಶುದ್ಧ ನೀರಿನ ಘಟಕದ ಹೊರಕೊಳವೆಯಲ್ಲಿ ಹರಿದು ಹೋಗುವ ನೀರನ್ನು ಕಂಡು, ಹೇಗೂ ವ್ಯರ್ಥವಾಗುವ ನೀರಲ್ಲವೇ ಎಂದು ಕೆಲವರು ಗಿಡಕ್ಕೆ ತರುತ್ತಾರೆ. ಆ ನೀರು ಮೂಲ ನೀರಿಗಿಂತಲೂ ಹೆಚ್ಚು ಉಪ್ಪಿನದು. ಬೆಗೋನಿಯಕ್ಕೆ ವಿಷವೇ ಸರಿ. ಘಟಕದ ಒಳ್ಳೆಯ ನೀರಾದರೋ ಮಕ್ಕಳು ಕುಡಿಯಬೇಕಾದದ್ದು, ಗಿಡಕ್ಕಲ್ಲ.

ಉಳಿದಿರುವುದು ಮಳೆನೀರು. ಲೆಕ್ಕ ಹೀಗಿದೆ. ನೂರು ಚದರಡಿ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 90 ಲೀಟರ್ ನೀರಾಗುತ್ತದೆ. ಚೆಲ್ಲಿದ್ದು, ಹೀರಿದ್ದು ಕಳೆದರೂ 75 ಲೀಟರ್ ಕೈಗೆ ಸಿಗುತ್ತದೆ. ಆರು ಅಂಗುಲದ ಕುಂಡವೊಂದಕ್ಕೆ ಬೇಸಿಗೆಯಲ್ಲಿ ವಾರಕ್ಕೆ ಸುಮಾರು ಒಂದು ಲೀಟರ್ ಸಾಕು. ಆರು ಕುಂಡಕ್ಕೆ ಹನ್ನೆರಡು ವಾರಕ್ಕೆ 72 ಲೀಟರ್. ಅಂದರೆ ಹಿಂಗಾರಿನ ಒಂದೇ ಒಂದು ಹದ ಮಳೆಯನ್ನು ಸಣ್ಣದೊಂದು ಚಾವಣಿಯಿಂದ ಹಿಡಿದಿಟ್ಟರೆ ಆರು ಬೆಗೋನಿಯಗಳ ಬೇಸಿಗೆ ಕಳೆಯುತ್ತದೆ. ವರ್ಷದ ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಡಿರಿ. ಅದರಲ್ಲಿ ಧೂಳು, ಹಕ್ಕಿಯ ಹಿಕ್ಕೆ ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯನ್ನು ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ತುಂಬಿ, ಬಾಯಿಗೆ ಒತ್ತಾದ ಬಟ್ಟೆ ಬಿಗಿದು ಮುಚ್ಚಳ ಹಾಕಿ ನೆರಳಿನಲ್ಲಿಡಿರಿ. ಬಾಯಿ ತೆರೆದಿಟ್ಟರೆ ಡೆಂಗ್ಯೂ ಹರಡುವ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದಂತೆ. ಹಳೆಯ ಕೀಟನಾಶಕದ ಡಬ್ಬ, ಡ್ರಮ್ಮುಗಳನ್ನು ಎಷ್ಟೇ ತೊಳೆದರೂ ಇದಕ್ಕೆ ಬಳಸಕೂಡದು.

ಮಳೆನೀರು ಸಾಲದೆ ಕೊಳವೆಬಾವಿಯ ನೀರನ್ನು ಬೆರೆಸಲೇಬೇಕಾದರೆ ಅರ್ಧಕ್ಕರ್ಧ ಬೆರೆಸಿರಿ. ಮುಂಗಾರು ಬಂದೊಡನೆ ಕುಂಡಗಳನ್ನು ಎರಡು ದಿನ ಮಳೆಗೆ ಒಡ್ಡಿ, ತಳದ ತೂತಿನಿಂದ ನೀರು ಧಾರಾಳವಾಗಿ ಹರಿಯಲು ಬಿಡಿರಿ. ಕೂಡಿದ ಉಪ್ಪು ತೊಳೆದು ಹೋಗುತ್ತದೆ.

ನೀರು ಯಾವಾಗ ಹಾಕಬೇಕೆಂಬುದನ್ನು ದಿನ ಎಣಿಸಿ ತೀರ್ಮಾನಿಸುವಂತಿಲ್ಲ. ತೋರುಬೆರಳನ್ನು ಅರ್ಧ ಅಂಗುಲ ಮಣ್ಣಿಗೆ ತೂರಿಸಿ ನೋಡಿರಿ; ಒಣಗಿದ್ದರೆ ಹಾಕಿರಿ, ಪಸೆಯಿದ್ದರೆ ಬಿಡಿರಿ. ಬೆಳಗ್ಗೆ ಹಾಕುವುದು ಉತ್ತಮ. ಎಲೆಯ ಮೇಲೆ ಸುರಿಯದೆ ಬುಡಕ್ಕೆ ನಿಧಾನವಾಗಿ ಹಾಕಬೇಕು. ಮಧ್ಯಾಹ್ನದ ಸೆಕೆಗೆ ಎಲೆ ಜೋತುಬಿದ್ದರೂ ಸಂಜೆ ಎದ್ದು ನಿಲ್ಲುವುದುಂಟು. ಸಂಜೆಯವರೆಗೆ ಕಾಯಿರಿ.

ಕುಂಡ ಮತ್ತು ಮಣ್ಣು

ಸಂತೆಯಲ್ಲಿ ಸಿಗುವ ಆರು ಅಂಗುಲದ ಮಣ್ಣಿನ ಕುಂಡವೇ ಲೇಸು. ಅದರ ಮೈಯಿಂದ ನೀರು ಆರುವಾಗ ಬೇರು ತಂಪಾಗಿರುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುವುದೇನೋ ನಿಜ, ಆದರೆ ಬೇಸಿಗೆಯ ಮಧ್ಯಾಹ್ನ ಅದನ್ನು ಮುಟ್ಟಿ ನೋಡಿದರೆ ಬೇರಿನ ಪಾಡು ತಿಳಿಯುತ್ತದೆ. ದೊಡ್ಡ ಕುಂಡದಲ್ಲಿ ಪುಟ್ಟ ಗಿಡ ನೆಡಬೇಡಿರಿ. ಬೇರು ಮುಟ್ಟದ ಮಣ್ಣು ಹುಳಿಯುತ್ತದೆ.

ಬರಿಯ ಕೆಂಪು ಮಣ್ಣು ಒಣಗಿದಾಗ ಇಟ್ಟಿಗೆಯಂತಾಗುತ್ತದೆ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಎಲೆಗೊಬ್ಬರ ಅಥವಾ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಅರ್ಧ ಪಾಲು ದಪ್ಪ ಮರಳು ಸೇರಿಸಿರಿ. ಹೊಂಗೆ ಎಲೆ ಉದುರುವ ಕಾಲದಲ್ಲಿ ಗುಡಿಸಿ ಗುಂಡಿಯಲ್ಲಿ ಕೊಳೆಸಿದರೆ ಒಳ್ಳೆಯ ಎಲೆಗೊಬ್ಬರ ಸಿಗುತ್ತದೆ. ನಾರಿನ ಪುಡಿಯನ್ನು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಉಪ್ಪು ಕಳೆಯಬೇಕು. ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಹುದುಗಿಸಿದ ನಾರಿನ ಪುಡಿಯನ್ನು ರೂಢಿಗೆ ತಂದಿದೆ. ಅದು ದೊರೆತರೆ ಇನ್ನೂ ಉತ್ತಮ. ಮರಳಿಗಾಗಿ ಜಯಮಂಗಲಿಯ ಪಾತ್ರವನ್ನು ಕೆದಕಬೇಕಾಗಿಲ್ಲ, ಅದು ಈಗಾಗಲೇ ಬೇಕಾದಷ್ಟು ಬರಿದಾಗಿದೆ. ಎಂ-ಸ್ಯಾಂಡನ್ನು ಧೂಳು ಹೋಗುವಂತೆ ತೊಳೆದು ಬಳಸಬಹುದು. ನಾರಿನ ಪುಡಿ ಸಿಗದಿದ್ದರೆ ಕಡಲೆಕಾಯಿ ಸಿಪ್ಪೆಯನ್ನು ಪುಡಿಮಾಡಿ, ಮೂರು ನಾಲ್ಕು ತಿಂಗಳು ಕೊಳೆಸಿ ಹಾಕಿರಿ. ಹಸಿಯಾಗಿ ಹಾಕಿದರೆ ಗಿಡದ ಸಾರಜನಕವನ್ನು ಅದೇ ತಿನ್ನುತ್ತದೆ.

ಟೊಮೊಟೊ, ಬದನೆ ಬೆಳೆದ ಹೊಲದ ಮಣ್ಣನ್ನು ಮಾತ್ರ ತರಬಾರದು. ಬೇರಿನಲ್ಲಿ ಗಂಟು ಮಾಡುವ ಜಂತುಹುಳು ಅದರೊಡನೆ ಬಂದು ಬೆಗೋನಿಯಕ್ಕೂ ಹತ್ತುತ್ತದೆ. ಮಣ್ಣಿನ ಮೇಲೆ ಅನುಮಾನವಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಅದನ್ನು ನೆನೆಸಿ, ಅರ್ಧ ಅಡಿ ದಪ್ಪಕ್ಕೆ ಹರಡಿ, ಬಿಳಿ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಒತ್ತಿ ನಾಲ್ಕರಿಂದ ಆರು ವಾರ ಬಿಡಿರಿ. ಬೆಗೋನಿಯವನ್ನು ಕೊಲ್ಲುವ ಬಿಸಿಲೇ ಅದರ ಶತ್ರುಗಳನ್ನೂ ಕೊಲ್ಲುತ್ತದೆ. ನಮ್ಮಲ್ಲಿ ಬಿಸಿಲಿಗೇನೂ ಬಡತನವಿಲ್ಲ.

ಇಡುವ ಜಾಗ

ಬೆಳಗಿನ ಎಂಟು ಒಂಬತ್ತು ಗಂಟೆಯವರೆಗೆ ಬಿಸಿಲು ಬಿದ್ದು ಆಮೇಲೆ ಬೆಳಕು ಮಾತ್ರ ಇರುವ ಪೂರ್ವದ ಜಗಲಿ ಅಥವಾ ಉತ್ತರದ ಕಿಟಕಿ ಸೂಕ್ತ. ಕುಂಡದ ಪಕ್ಕ ಕುಳಿತು ಪತ್ರಿಕೆ ಓದಲು ಆಗುವಷ್ಟು ಬೆಳಕಿರಬೇಕು. ಕತ್ತಲ ಕೋಣೆಯಲ್ಲಿ ಕಾಂಡ ಉದ್ದಕ್ಕೆ ಎಳೆದುಕೊಂಡು ಬೀಳುತ್ತದೆ, ಹೂ ಬಿಡುವುದಿಲ್ಲ. ತಗಡು ಅಥವಾ ಶೀಟಿನ ಚಾವಣಿಯ ಕೆಳಗೆ ಮಾರ್ಚ್‌ನಿಂದಾಚೆಗೆ ಇಡಲೇಬಾರದು. ಹಳೆಯ ಮಾಳಿಗೆ ಮನೆಯುಳ್ಳವರು ಪುಣ್ಯವಂತರು. ಅದರ ನಡುಮನೆಯ ಕಿಟಕಿ ಬೆಗೋನಿಯಕ್ಕೆ ಹೇಳಿ ಮಾಡಿಸಿದ ಸ್ಥಳ.

ಫೆಬ್ರವರಿಯಿಂದ ಮೇವರೆಗೆ ಗಿಡ ಬೆಳೆಯಲಿ ಎಂದು ಆಸೆಪಡದೆ ಉಳಿಯಲಿ ಎಂದಷ್ಟೇ ನೋಡಿರಿ. ಈ ಕಾಲದಲ್ಲಿ ಗೊಬ್ಬರ ಬೇಡ. ಹೂಗೊಂಚಲು ಕಂಡರೆ ಚಿವುಟಿರಿ. ಕುಂಡವನ್ನು ಅದಕ್ಕಿಂತ ದೊಡ್ಡ ಕುಂಡದೊಳಗಿಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಆ ಮರಳನ್ನು ಮಾತ್ರ ಒದ್ದೆ ಮಾಡುತ್ತಿದ್ದರೆ ಸುತ್ತ ತೇವದ ಗಾಳಿ ನಿಲ್ಲುತ್ತದೆ. ಈ ಮರಳಿಗೆ ಕೊಳವೆಬಾವಿಯ ನೀರನ್ನೇ ಹಾಕಬೇಕಾದರೆ ಒಳಗಿನ ಕುಂಡ ಪ್ಲಾಸ್ಟಿಕ್ಕಿನದಾಗಿರಲಿ. ಮಣ್ಣಿನ ಕುಂಡವಾದರೆ ಉಪ್ಪು ಗೋಡೆಯ ಮೂಲಕ ಒಳಕ್ಕೆ ಬರುತ್ತದೆ. ಹೊರಗಿನ ಕುಂಡ ತಂಪಾಗಿರುವುದರಿಂದ ಇಲ್ಲಿ ಪ್ಲಾಸ್ಟಿಕ್ ಕಾಯುವ ಭಯವಿಲ್ಲ. ಕುಂಡಗಳನ್ನು ಬಿಡಿಬಿಡಿಯಾಗಿಡದೆ ಗುಂಪಾಗಿಡಿರಿ. ಪಶ್ಚಿಮದ ಬಿಸಿಗಾಳಿ ಬರುವ ಕಡೆ ಒದ್ದೆ ಗೋಣಿತಾಟು ಕಟ್ಟುವುದೂ ಒಳ್ಳೆಯದು. ಎಲೆಗೆ ಪದೇ ಪದೇ ನೀರು ಚಿಮುಕಿಸುವವರಿದ್ದಾರೆ. ಅದರ ತಂಪು ಗಳಿಗೆಯದು, ತರುವ ರೋಗ ತಿಂಗಳಿನದು.

ಜೂನ್‌ನಲ್ಲಿ ಎರಡು ಮಳೆಯಾದ ಮೇಲೆ ಬಡಕಲು ರೆಂಬೆಗಳನ್ನು ಬುಡದಿಂದ ಮೂರು ನಾಲ್ಕು ಅಂಗುಲ ಬಿಟ್ಟು ಕತ್ತರಿಸಿರಿ. ಹೊಸ ಚಿಗುರು ಬಂದಮೇಲೆ ಹದಿನೈದು ದಿನಕ್ಕೊಮ್ಮೆ ಲೀಟರ್ ನೀರಿಗೆ ಒಂದು ಗ್ರಾಂ 19:19:19 ಗೊಬ್ಬರ ಕರಗಿಸಿ ಜನವರಿಯವರೆಗೆ ಕೊಡಿರಿ. ಕಡಲೆಕಾಯಿ ಹಿಂಡಿಯನ್ನು ನೆನೆಸಿದ ತಿಳಿಯನ್ನು ಐದು ಪಾಲು ನೀರಿಗೆ ಬೆರೆಸಿಯೂ ಹಾಕಬಹುದು, ಆದರೆ ಆ ವಾಸನೆಗೆ ಮನೆಯವರು ನಿಮ್ಮನ್ನೂ ಕುಂಡದ ಜೊತೆ ಹೊರಗೆ ಕಳಿಸಿಯಾರು.

ಸಸ್ಯಾಭಿವೃದ್ಧಿ

ಕತ್ತರಿಸಿದ ರೆಂಬೆಗಳನ್ನು ಎಸೆಯಬೇಡಿರಿ. ಎರಡು ಮೂರು ಗೆಣ್ಣಿರುವ, ಮೂರು ನಾಲ್ಕು ಅಂಗುಲದ ತುಂಡು ಮಾಡಿ, ಕೆಳಗಿನ ಎಲೆ ತೆಗೆದು, ಕತ್ತರಿಸಿದ ಬಾಯಿ ಒಂದೆರಡು ಗಂಟೆ ಆರಿದ ಮೇಲೆ ಮರಳು ಮತ್ತು ನಾರಿನ ಪುಡಿಯ ಮಿಶ್ರಣದಲ್ಲಿ ಊರಿರಿ. ಮೇಲೆ ತೂತು ಮಾಡಿದ ಪ್ಲಾಸ್ಟಿಕ್ ಚೀಲ ಕವುಚಿರಿ. ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಇದಕ್ಕೆ ಕಾಲ. ರೆಕ್ಸ್ ಜಾತಿಯನ್ನು ಎಲೆಯಿಂದಲೇ ಮಾಡಬಹುದು. ಬಲಿತ ಎಲೆಯ ಹಿಂಬದಿಯ ದೊಡ್ಡ ನರಗಳನ್ನು ಬ್ಲೇಡಿನಿಂದ ಅಲ್ಲಲ್ಲಿ ಕೊಯ್ದು, ಆ ಬದಿಯನ್ನು ಒದ್ದೆ ಮರಳಿಗೆ ಒತ್ತಿಟ್ಟರೆ ಕೊಯ್ದ ಕಡೆ ಪುಟ್ಟ ಸಸಿಗಳು ಏಳುತ್ತವೆ. ಬೀಜ ಧೂಳಿನಷ್ಟು ಸಣ್ಣದು, ಒಂದು ಗ್ರಾಂಗೆ ಹತ್ತಾರು ಸಾವಿರ. ಮನೆಮಟ್ಟಿಗೆ ಅದರ ಗೊಡವೆ ಬೇಡ.

ರೋಗ ಮತ್ತು ಕೀಟ

ಕಾಂಡ ಬುಡದಲ್ಲಿ ಕಪ್ಪಾಗಿ ಮೆತ್ತಗಾದರೆ ಅತಿ ನೀರೇ ಕಾರಣ. ಮೇಲಿನ ಗಟ್ಟಿ ತುದಿಯನ್ನು ಕತ್ತರಿಸಿ ಬೇರೆ ಊರಿಕೊಳ್ಳಿರಿ. ಚಳಿಗಾಲದಲ್ಲಿ ಎಲೆಯ ಮೇಲೆ ಬೂದಿ ಚೆಲ್ಲಿದಂತಾದರೆ ಆ ಎಲೆ ತೆಗೆದು ಗಾಳಿಯಾಡುವಲ್ಲಿಡಿರಿ. ಎಲೆಯಲ್ಲಿ ನೀರು ತುಂಬಿದಂತಹ ಚುಕ್ಕೆಗಳು ಹರಡುತ್ತ ಹೋದರೆ ಅದು ದುಂಡಾಣು ರೋಗ; ಮದ್ದಿಲ್ಲ. ಗಿಡವನ್ನು ಸುಟ್ಟು, ಚಾಕು ಮತ್ತು ಕೈಯನ್ನು ಸೋಪಿನಲ್ಲಿ ತೊಳೆದು ಉಳಿದ ಗಿಡ ಮುಟ್ಟಿರಿ. ಹಿಟ್ಟು ತಿಗಣೆ ಮತ್ತು ಬೇಸಿಗೆಯ ನುಸಿಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿರಿ. ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ನೋಡಿರಿ.

ಹೊಲಕ್ಕೆಂದು ತಂದ ಕೀಟನಾಶಕ ಬಾಟಲಿಯಲ್ಲಿ ಒಂದಿಷ್ಟು ಉಳಿದಿದೆಯೆಂದು ಅದನ್ನು ಜಗಲಿಯ ಗಿಡಕ್ಕೆ ಹೊಡೆಯುವ ಅಭ್ಯಾಸ ಕೆಲವರಲ್ಲಿದೆ. ಅದೇ ಜಗಲಿಯಲ್ಲಿ ಮಕ್ಕಳು ಮಲಗುತ್ತಾರೆ. ಗಿಡ ಸಾಯಲಿ, ಆ ಕೆಲಸ ಮಾಡಬೇಡಿರಿ.

ಬೆಗೋನಿಯದ ರಸ ಹುಳಿ. ಅದರಲ್ಲಿ ಆಕ್ಸಾಲಿಕ್ ಆಮ್ಲದ ಲವಣಗಳಿವೆ. ಗೆಡ್ಡೆಯಲ್ಲಿ ಇನ್ನೂ ಹೆಚ್ಚು. ಮಕ್ಕಳು ಅಗಿದರೆ ಬಾಯಿ ಉರಿಯುತ್ತದೆ. ಮೇಕೆ, ಕರುಗಳಿಗೆ ಎಟುಕದಂತೆ ಇಡಬೇಕು.

ಮಾರಾಟ ಮಾಡಬಹುದೆ?

ಕನಕಾಂಬರ, ಸೇವಂತಿಗೆಯಂತೆ ಇದನ್ನೂ ಬೆಳೆಯಾಗಿ ಮಾಡಬಹುದೆ ಎಂದು ಕೇಳುವವರಿದ್ದಾರೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಸಾಲ ತಂದು ನೆರಳುಮನೆ ಕಟ್ಟಿ ಬೆಗೋನಿಯ ಬೆಳೆಯಿರಿ ಎಂದು ನಾನು ಹೇಳುವುದಿಲ್ಲ. ಬೇಸಿಗೆಯ ನಾಲ್ಕು ತಿಂಗಳು ಅದನ್ನು ತಂಪಾಗಿಡುವ ನೀರು, ವಿದ್ಯುತ್ತಿನ ಖರ್ಚು ಗಿಡದ ಬೆಲೆಯನ್ನು ನುಂಗುತ್ತದೆ. ಬೆಂಗಳೂರಿನ ನರ್ಸರಿಗಳಿಗೆ ಹವೆಯೇ ಪುಕ್ಕಟೆಯಾಗಿ ಆ ಕೆಲಸ ಮಾಡಿಕೊಡುತ್ತದೆ.

ಆದರೆ ಮನೆಯ ಹೆಂಗಸರು ಐದಾರು ತಾಯಿಗಿಡಗಳನ್ನು ಬೇಸಿಗೆ ದಾಟಿಸಿ, ಜುಲೈನಲ್ಲಿ ಐವತ್ತು ಅರವತ್ತು ತುಂಡು ಊರಿ, ಅಕ್ಟೋಬರ್‌ನಿಂದ ಜನವರಿಯೊಳಗೆ ಊರ ಸಂತೆಯಲ್ಲೋ ಜಾತ್ರೆಯಲ್ಲೋ ಮಾರುವುದಕ್ಕೆ ಅಡ್ಡಿಯಿಲ್ಲ. ಬಂಡವಾಳವೆಂದರೆ ಕುಂಡದ ಬೆಲೆ ಅಷ್ಟೆ. ಇಲ್ಲಿಯೇ ಒಂದು ಬೇಸಿಗೆ ತಾಳಿದ ತಾಯಿಯ ಸಸಿ, ಲಾರಿಯಲ್ಲಿ ಬಂದ ಸಸಿಗಿಂತ ನಿಮ್ಮ ನೆರೆಯವರ ಮನೆಯಲ್ಲಿ ಹೆಚ್ಚು ದಿನ ಬಾಳುತ್ತದೆ. ಯಾವ ಜಾತಿ ತಾಳುತ್ತದೆಂಬುದನ್ನು ನೀವು ಮೊದಲೇ ಆರಿಸಿಟ್ಟಿರುತ್ತೀರಿ. ಫೆಬ್ರವರಿಯಿಂದಾಚೆಗೆ ಮಾರಬೇಡಿರಿ, ಕೊಂಡವರ ಮನೆಯಲ್ಲಿ ಗಿಡ ಸತ್ತರೆ ಮುಂದಿನ ವರ್ಷ ಅವರು ನಿಮ್ಮತ್ತ ಬರುವುದಿಲ್ಲ. ಕೊಡುವಾಗ ಗಿಡ ಮಳೆನೀರಿನಲ್ಲಿ ಬೆಳೆದದ್ದೆಂದು ಹೇಳಿ, ಸಾಧ್ಯವಾದರೆ ಒಂದು ಬಾಟಲಿ ಮಳೆನೀರನ್ನೂ ಜೊತೆಗೆ ಕೊಟ್ಟು ಕಳಿಸಿರಿ.